ತಾಳ ಹಿಡಿದ ತಂದೆ

ರವಿವಾರ ಬೆಳಗಾಯಿತೆಂದರೆ ಕಿಣ್ಣಿ ಸುಲ್ತಾನದ ಆ ಮನೆಯ ಪಡಸಾಲೆಗೆ ಒಂದು ಹೊಸ ಕಳೆ ಬರುತ್ತಿತ್ತು. ಗೋಡೆಗೆ ಒರಗಿಸಿದ್ದ ತೊಗರಿಯ ಚೀಲಗಳು ಒಳಕೋಣೆಗೆ ಸರಿಯುತ್ತಿದ್ದವು, ಜಮಖಾನೆ ಹಾಸಲ್ಪಡುತ್ತಿತ್ತು, ಹಾರ್ಮೋನಿಯಂ ಪೇಟಿಯ ಮೇಲಿನ ಕೆಂಪು ಬಟ್ಟೆಯನ್ನು ಮನೆಯೊಡತಿ ತನ್ನ ಕೈಯಾರೆ ಝಾಡಿಸಿ ಮಡಿಚಿಡುತ್ತಿದ್ದಳು. ಆಳಂದದಿಂದ ಬರುವ ಬಸ್ಸಿನ ಸದ್ದು ಕಿವಿಗೆ ಬಿದ್ದೊಡನೆ ಯಜಮಾನರು ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು ಕಟ್ಟೆಗೆ ಬಂದು ನಿಲ್ಲುತ್ತಿದ್ದರು. ಬಸ್ಸಿನಿಂದ ಇಳಿಯುವವರು ಸಂಗೀತದ ಮಾಸ್ತರರು. ಅವರ ಕೈಯಲ್ಲೊಂದು ಚೀಲ. ಚೀಲದಲ್ಲೊಂದು ಹಳೆಯ ವಹಿ, ಒಂದು ಜೊತೆ ತಾಳ. ಇಷ್ಟೆಲ್ಲ ಸಿದ್ಧತೆ ಯಾರಿಗಾಗಿ ಎಂದು ಕೇಳಿದರೆ, ಅದೇ ಹೊತ್ತಿಗೆ ಹಿತ್ತಿಲ ಬಾಗಿಲಿನಿಂದ ಮೆಲ್ಲನೆ ಜಾರಿಕೊಳ್ಳಲು ಹವಣಿಸುತ್ತಿದ್ದ ಹನ್ನೆರಡು ವರ್ಷದ ಒಬ್ಬ ಹುಡುಗನಿಗಾಗಿ!

ಹುಡುಗನಿಗೆ ಹಾಡು ಬೇಡವಾಗಿರಲಿಲ್ಲ. ಹೊಲದ ಹಾದಿಯಲ್ಲಿ, ಬಾವಿಯ ದಂಡೆಯಲ್ಲಿ ಅವನು ತನ್ನಷ್ಟಕ್ಕೆ ಹಾಡಿಕೊಳ್ಳುವುದನ್ನು ಊರೆಲ್ಲ ಕೇಳಿತ್ತು. ಅವನಿಗೆ ಬೇಡವಾಗಿದ್ದದ್ದು ಆ ಪಡಸಾಲೆ. ಅದು ಹಾಗೇಕಾಯಿತೆಂಬುದು ತಂದೆಗೆ ತಿಳಿಯಲು ಒಂದು ವರ್ಷವೇ ಹಿಡಿಯಿತು.

ಆಳಂದ, ಅಫಜಲಪುರ, ಜೇವರ್ಗಿಯ ಈ ಸೀಮೆಗೆ ಸಂಗೀತ ಹೊರಗಿನಿಂದ ಬಂದ ವಸ್ತುವೇನೂ ಅಲ್ಲ. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು, ಅವರ ಶಿಷ್ಯಪರಂಪರೆಯ ಚನ್ನೂರ ಜಲಾಲಸಾಹೇಬರ ಪದಗಳು ಏಕತಾರಿಯೊಡನೆ ಇಲ್ಲಿಯ ಗುಡಿ ಮಠಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಭಜನೆಯ ಮೇಳದಲ್ಲಿ ಯಾರೂ ಯಾರಿಗೂ ಪಾಠ ಹೇಳುವುದಿಲ್ಲ. ತಂದೆಯ ತೊಡೆಯ ಮೇಲೆ ತೂಕಡಿಸುತ್ತಲೇ ಮಗು ತಾಳ ಕಲಿಯುತ್ತದೆ. ತಪ್ಪಿದರೆ ಹತ್ತು ದನಿಗಳ ನಡುವೆ ಆ ತಪ್ಪು ಅಡಗಿಹೋಗುತ್ತದೆ. ಮನೆಗೆ ಗುರುವನ್ನು ಕರೆಸಿ ಹೇಳಿಸುವ ಖಾಸಗಿ ಪಾಠದ ರೀತಿಯೇ ಬೇರೆ. ಅಲ್ಲಿ ಗೊತ್ತಾದ ವಾರವುಂಟು, ಗೊತ್ತಾದ ವೇಳೆಯುಂಟು, ಗೊತ್ತಾದ ಹಣವುಂಟು. ಮಗುವಿನ ದನಿ ಒಂಟಿಯಾಗಿ ನಿಲ್ಲುತ್ತದೆ, ತಪ್ಪಿಗೆ ಮರೆಯಿಲ್ಲ. ಹಣವಿದ್ದಲ್ಲಿ ಲೆಕ್ಕವೂ ಬಂದು ಕೂಡುತ್ತದೆ.

ಯಜಮಾನರ ಲೆಕ್ಕ ದುಷ್ಟ ಲೆಕ್ಕವಲ್ಲ. ಅವರು ಬಾಲ್ಯದಲ್ಲಿ ಪೇಟಿ ಕಲಿಯಬೇಕೆಂದು ಆಸೆಪಟ್ಟಿದ್ದರು. ಅವರ ಕೈಗೆ ಬಂದದ್ದು ಕುಂಟೆಯ ಹಿಡಿ. ತಮಗೆ ದೊರೆಯದ್ದು ಮಗನಿಗೆ ದೊರೆಯಲೆಂದು, ತೊಗರಿ ಮಾರಿದ ಹಣದಲ್ಲಿ ಪೇಟಿ ಕೊಂಡು ತಂದವರು ಅವರು. ಆದಕಾರಣವೇ ಅವರಿಗೆ ಅವಸರ. ಮೂರು ತಿಂಗಳು ಕಳೆದ ಮೇಲೆ ಅವರು ತಡೆಯಲಾರದೆ ಕೇಳಿದರು:

“ಏನ್ರೀ ಮಾಸ್ತರ, ಬರೀ ಸರಿಗಮನೇ ನಡದದ. ಒಂದು ಹಾಡು ಯಾವಾಗ ಬರ್ತದ್ರಿ?”

ಮಾಸ್ತರರು ನಕ್ಕು, “ಬಿತ್ತೂಕಿಂತ ಮೊದಲ ಹೊಲಕ್ಕ ಎಷ್ಟು ಸಲ ಕುಂಟಿ ಹೊಡೀತೀರಿ?” ಎಂದರು.

“ಹೊಲ ಹದಕ್ಕ ಬರೋತನ ಹೊಡೀತೀವ್ರಿ.”

“ಇದೂ ಹಂಗೇ ಅದ ನೋಡ್ರಿ.”

ಒಕ್ಕಲುತನದ ಮಾತು ಒಕ್ಕಲಿಗನಿಗೆ ತಿಳಿಯಿತು. ಸ್ವರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಅಲಂಕಾರಗಳಿಂದಲೇ ಗಂಟಲು ಹದಕ್ಕೆ ಬರುವುದು. ಆ ಹದ ಬರುವ ಮೊದಲೇ ಹಾಡು ಕೊಟ್ಟರೆ ಹುಡುಗ ಹಾಡನ್ನೇನೋ ಒಪ್ಪಿಸುತ್ತಾನೆ. ಸ್ವರವನ್ನು ಮಾತ್ರ ಕಾಣಲಾರ. ಭೂಪ, ದುರ್ಗಾದಂತಹ ಐದು ಸ್ವರಗಳ ರಾಗಗಳನ್ನು ಅನೇಕ ಗುರುಗಳು ಮೊದಲು ಹೇಳಿಕೊಡುವುದೂ ಇದೇ ವಿಚಾರದಿಂದ.

ಆದರೆ ಮನೆಗೆ ಬಂದ ಬೀಗರಿಗೆ ಈ ವಿಚಾರ ಹೇಗೆ ತಿಳಿಯಬೇಕು? ಚಹದ ಬಟ್ಟಲು ಕೈಗೆ ಬಂದೊಡನೆ, “ತಮ್ಮಾ, ಒಂದು ಪದ ಹಾಡು ನೋಡೋಣು” ಎಂಬ ಆಜ್ಞೆ. ತಂದೆಯ ಕಣ್ಣಿನಲ್ಲಿ ಹಿಗ್ಗು. ಒಂದು ದಿನ ಹುಡುಗ ಎರಡನೆಯ ಸಾಲಿನಲ್ಲಿ ತಪ್ಪಿದ. ಬೀಗರು ಅದನ್ನು ಗಮನಿಸಲೇ ಇಲ್ಲ. ಅವರ ಲಕ್ಷ್ಯ ಚೂಡಾದ ತಟ್ಟೆಯ ಮೇಲಿತ್ತು. ತಂದೆಯ ಮುಖ ಮಾತ್ರ ಬಾಡಿತು. ಅವರು ಬೈಯಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಆದರೆ ಹುಡುಗ ಹಾಡುವಾಗ ನೋಡುತ್ತಿದ್ದದ್ದು ಬೀಗರನ್ನಲ್ಲ, ತಂದೆಯ ಮುಖವನ್ನು. ಮುಂದಿನ ರವಿವಾರ ಬಸ್ಸಿನ ಸದ್ದು ಕೇಳುತ್ತಲೇ ಅವನ ಕಾಲು ಹಿತ್ತಿಲ ಕಡೆಗೆ ತಿರುಗಿತು.

ಮಕ್ಕಳ ಪ್ರತಿಭೆಯನ್ನು ನಾಲ್ಕು ಜನಕ್ಕೆ ತೋರಿಸಬೇಕೆಂಬ ಹಂಬಲ ತಂದೆತಾಯಿಗಳಿಗೆ ಸಹಜವಾದದ್ದು. ಕರ್ನಾಟಕದ ಸಂಗೀತ ಚರಿತ್ರೆಯಲ್ಲಿ ಅದಕ್ಕೆ ದೊಡ್ಡದೊಂದು ನಿದರ್ಶನವುಂಟು. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಮಹಾ ಗಾಯಕರ ಹಾಡುಗಳನ್ನು ಇದ್ದದ್ದು ಇದ್ದಂತೆ ಹಾಡಿ ತೋರಿಸುತ್ತಿದ್ದ. ತಂದೆಯೂ ಹಾಡುವವರೇ. ಮಗನ ಕಛೇರಿಗಳು ಊರೂರಲ್ಲಿ ನಡೆದವು. ಕುಮಾರ ಗಂಧರ್ವನೆಂಬ ಬಿರುದೂ ಬಂದಿತು. ಅಲ್ಲಿಗೇ ನಿಂತಿದ್ದರೆ ಜನ ಕೆಲವು ವರ್ಷ ಬೆರಗಾಗಿ ಮರೆತುಬಿಡುತ್ತಿದ್ದರೋ ಏನೋ. ಆದರೆ 1930ರ ದಶಕದ ನಡುವಿನಲ್ಲಿ ಆ ತಂದೆ, ಚಪ್ಪಾಳೆಯ ನಡುವಿನಿಂದ ಮಗನನ್ನು ಎಬ್ಬಿಸಿಕೊಂಡು ಹೋಗಿ ಮುಂಬಯಿಯಲ್ಲಿ ಬಿ. ಆರ್. ದೇವಧರ ಅವರ ಕೈಗೆ ಒಪ್ಪಿಸಿದರು. ಅನುಕರಣೆಯನ್ನು ಬಿಟ್ಟು ಸ್ವರದ ಒಳಗನ್ನು ತಾನೇ ಹುಡುಕಿಕೊಳ್ಳುವ ಶಿಕ್ಷಣ ಅಲ್ಲಿ ದೊರೆಯಿತು. ಮುಂದೆ ತನ್ನದೇ ಗಾಯನ ಪದ್ಧತಿಯಿಂದ ದೇಶವನ್ನೆಲ್ಲ ಬೆರಗುಗೊಳಿಸಿದ ಕುಮಾರ ಗಂಧರ್ವರು ರೂಪುಗೊಂಡದ್ದು ಹೀಗೆ. ಮಗನ ಕಛೇರಿ ನಡೆಸುವುದಕ್ಕಿಂತ ಅವನನ್ನು ಮತ್ತೊಮ್ಮೆ ಶಿಷ್ಯನನ್ನಾಗಿ ಮಾಡುವುದಕ್ಕೆ ತಂದೆಗೆ ಹೆಚ್ಚಿನ ಧೈರ್ಯ ಬೇಕಾಗಿರಬೇಕು.

ಇನ್ನೊಬ್ಬ ತಂದೆ ಗದಗಿನ ಗುರುರಾಜಾಚಾರ್ಯ ಜೋಶಿಯವರು, ಶಾಲೆಯ ಮಾಸ್ತರರು. ಅವರ ಮಗ ಭಜನೆಯ ಮೆರವಣಿಗೆ ಎಲ್ಲಿ ಕಂಡರೂ ಅದರ ಬೆನ್ನು ಹತ್ತಿ ಹೋಗಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ ಮಗನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಯಿಸಿಬಿಟ್ಟರೆಂದು ಹೇಳುತ್ತಾರೆ. ಯಾರಿಗೆ ಸಿಕ್ಕರೂ ಮನೆಗೆ ತಂದು ಮುಟ್ಟಿಸಲಿ ಎಂಬುದು ಉದ್ದೇಶ. ಮೆರವಣಿಗೆಗೆ ಹೋಗಬೇಡವೆಂದು ಕಾಲು ಮುರಿಯುವವರೂ ಲೋಕದಲ್ಲುಂಟು; ಈ ತಂದೆ ಮಗನ ಹುಚ್ಚಿಗೆ ವಿಳಾಸ ಬರೆದರು. 1933ರಲ್ಲಿ ಆ ಹುಡುಗ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆಬಿಟ್ಟು ಹೋದ. ತಂದೆ ಅವನನ್ನು ದೂರದ ಜಲಂಧರದಲ್ಲಿ ಪತ್ತೆ ಮಾಡಿ ಕರೆತಂದರು. ಕರೆತಂದು ಕಟ್ಟಿಹಾಕಲಿಲ್ಲ. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಶಿಷ್ಯನೆಂದು ಅವನನ್ನು ಸ್ವೀಕರಿಸಿದರು. 2008ರಲ್ಲಿ ಭಾರತರತ್ನ ಪ್ರಶಸ್ತಿ ಘೋಷಿತವಾದದ್ದು ಆ ಭೀಮಸೇನನಿಗೇ.

ಕಿಣ್ಣಿ ಸುಲ್ತಾನದ ಹುಡುಗ ಭೀಮಸೇನನಾಗಬೇಕಾಗಿಲ್ಲ. ಕುಮಾರ ಗಂಧರ್ವನಾಗಬೇಕಾಗಿಯೂ ಇಲ್ಲ. ಅವನು ತನ್ನ ಊರಿನ ಗುಡಿಯಲ್ಲಿ ಶ್ರುತಿ ತಪ್ಪದೆ ಹಾಡಿದರೆ ಅದೇ ದೊಡ್ಡ ಭಾಗ್ಯ. ಆದರೆ ದೊಡ್ಡವರ ಮನೆಯಲ್ಲಿ ನಡೆದ ಪ್ರಶ್ನೆಯೇ ಸಣ್ಣವರ ಮನೆಯಲ್ಲಿಯೂ ಏಳುತ್ತದೆ: ಈ ಹಾಡು ಯಾರದು? ಮಗುವಿನದೋ, ತಂದೆಯದೋ?

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದೆಯೇ ಉತ್ತರ ಕಂಡುಕೊಂಡವಳು ತಾಯಿ. ಆಕೆಗೆ ರಾಗದ ಹೆಸರು ತಿಳಿಯದು. ಹೊತ್ತು ಮಾತ್ರ ಚೆನ್ನಾಗಿ ತಿಳಿದಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಆಕೆ ಟಿ.ವಿ.ಯನ್ನು ಆರಿಸುತ್ತಿದ್ದಳು, ಮೊಬೈಲಿನಲ್ಲಿ ತಂಬೂರಿಯ ಶ್ರುತಿ ಹಚ್ಚಿ ದೇವರ ಗೂಡಿನ ಬಳಿ ಇಡುತ್ತಿದ್ದಳು. ಆ ಶ್ರುತಿಯನ್ನು ಹುಡುಗನ ದನಿಗೆ ಒಗ್ಗುವಂತೆ, ಪೇಟಿಯ ಕಪ್ಪು ನಾಲ್ಕನೆಯ ಮನೆಗೆ, ಮಾಸ್ತರರೇ ಗೊತ್ತುಮಾಡಿ ಕೊಟ್ಟಿದ್ದರು. ಇಪ್ಪತ್ತು ನಿಮಿಷ ಹುಡುಗ ಕುಳಿತರೆ ಸಾಕು. ಎಷ್ಟು ಸಲ ಹಾಡಿದೆ, ಸರಿಯಾಯಿತೋ ತಪ್ಪಾಯಿತೋ ಎಂದು ಆಕೆ ಕೇಳುತ್ತಿರಲಿಲ್ಲ. ಆಕೆ ರೊಟ್ಟಿ ಬಡಿಯುವುದನ್ನು ಆ ಇಪ್ಪತ್ತು ನಿಮಿಷ ಮುಂದಕ್ಕೆ ಹಾಕುತ್ತಿದ್ದಳು. ಬಡಿತದ ಸಪ್ಪಳಕ್ಕೆ ಹುಡುಗನ ಲಯ ಕೆಡುತ್ತದೆಂದು ಒಮ್ಮೆ ಅವನೇ ಹೇಳಿದ್ದನು.

ವಾರಕ್ಕೊಮ್ಮೆ ಬರುವ ಗುರು ದಾರಿ ತೋರಿಸಿ ಹೋಗುತ್ತಾರೆ. ನಡೆಯುವುದು ಉಳಿದ ಆರು ದಿನ. ಆ ಆರು ದಿನ ಪೇಟಿಯ ಬಟ್ಟೆ ತೆಗೆಯದೆ, ಶನಿವಾರ ರಾತ್ರಿ ಎರಡು ತಾಸು ಗಂಟಲು ಹರಿಯುವಂತೆ ಹಾಡಿದರೆ ರವಿವಾರ ಗುರುವಿನ ಮುಂದೆ ಉಳಿಯುವುದು ದಣಿದ ದನಿ ಮಾತ್ರ. ದಿನಕ್ಕೆ ಇಪ್ಪತ್ತು ನಿಮಿಷ, ಅದೂ ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ ನಡೆದರೆ ಮಗುವಿಗೆ ಅದು ಊಟ ಸ್ನಾನಗಳಂತೆ ರೂಢಿಯಾಗುತ್ತದೆ. ರೂಢಿಯಾದುದಕ್ಕೆ ದಿನವೂ ಜಗಳವಾಡಬೇಕಾಗಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಎರಡನೆಯ ವರ್ಷದ ಮಳೆಗಾಲದಲ್ಲಿ ಆ ಮನೆಗೆ ಒಂದು ಸಂಕಟ ಬಂದಿತು. ಮೇಲಿನ ಷಡ್ಜಕ್ಕೆ ನೀರಿನಂತೆ ಏರುತ್ತಿದ್ದ ಹುಡುಗನ ದನಿ ಒಂದು ದಿನ ಪಂಚಮದಲ್ಲಿಯೇ ಬಿರುಕು ಬಿಟ್ಟಿತು. ಮರುದಿನ ಅದು ಗೊಗ್ಗರಾಯಿತು. ಕೆಲವು ದಿನ ಒಂದೇ ಮಾತಿನಲ್ಲಿ ಎರಡು ದನಿಗಳು ಹೊರಟವು. ಶಾಲೆಯಲ್ಲಿ ಹುಡುಗರು ನಕ್ಕರು. ಜಾತ್ರೆಯಲ್ಲಿ ಹಾಡಿಸುವುದೆಂದು ತಂದೆ ನಾಲ್ಕಾರು ಜನರಿಗೆ ಹೇಳಿಟ್ಟಿದ್ದರು. ಹುಡುಗ ಬಾಯಿ ತೆರೆಯುವುದನ್ನೇ ಬಿಟ್ಟ. ರವಿವಾರ ಮಾಸ್ತರರು ಬಂದಾಗ ಯಜಮಾನರು ಕಟ್ಟೆಯ ಮೇಲೆಯೇ ಅವರನ್ನು ತಡೆದರು.

“ದನಿ ಹ್ವಾತ್ರಿ ಮಾಸ್ತರ. ಇನ್ನ ಈ ಪಾಠ ಸಾಕು. ಇದು ನಮ್ಮ ಹಣ್ಯಾಗ ಬರದಿಲ್ಲ.”

ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳ ಸಂಗೀತ ಮುಗಿಯುವುದು ಇದೇ ಕಟ್ಟೆಯ ಮೇಲೆ. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಗಂಟಲಿನ ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆಯುತ್ತದೆ. ಅದರೊಳಗಿನ ತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ದಪ್ಪ ತಂತಿ ತಗ್ಗಿನ ಸ್ವರ ನುಡಿಯುವುದು ವಾದ್ಯದಲ್ಲಿ ಹೇಗೋ ದೇಹದಲ್ಲಿಯೂ ಹಾಗೆಯೇ. ಹುಡುಗನ ದನಿ ಸುಮಾರು ಒಂದು ಸಪ್ತಕದಷ್ಟು ಕೆಳಕ್ಕಿಳಿದು ನೆಲೆಯಾಗಲು ಕೆಲವು ತಿಂಗಳು, ಕೆಲವರಿಗೆ ವರ್ಷಕ್ಕೂ ಮೇಲೆ ಬೇಕಾಗುತ್ತದೆ. ಹುಡುಗಿಯರ ದನಿಯೂ ಬದಲಾಗುತ್ತದೆ. ಆದರೆ ಇಷ್ಟು ರಭಸದಿಂದಲ್ಲ. ಈ ಕಾಲದಲ್ಲಿ ಹಳೆಯ ಎತ್ತರದ ಶ್ರುತಿಯಲ್ಲಿಯೇ ಹಟ ಹಿಡಿದು ಹಾಡಿಸುವುದು ಒಂದು ತಪ್ಪು. ಪಾಠವನ್ನೇ ನಿಲ್ಲಿಸುವುದು ಇನ್ನೊಂದು ತಪ್ಪು. ಶ್ರುತಿ ಇಳಿಸಿ, ಸ್ವಲ್ಪ ಹೊತ್ತು, ನೋವಾಗದಂತೆ ಹಾಡಿಸಿ, ಉಳಿದ ವೇಳೆಯನ್ನು ವಾದ್ಯಕ್ಕೂ ತಾಳಕ್ಕೂ ಕೇಳ್ಮೆಗೂ ಕೊಡುವುದು ತಿಳಿದ ಗುರುಗಳ ಕ್ರಮ.

ಮಾಸ್ತರರು ಇದನ್ನೆಲ್ಲ ಕಟ್ಟೆಯ ಮೇಲೆ ಕುಳಿತು ನಿಧಾನವಾಗಿ ತಿಳಿಸಿ ಹೇಳಿದರು. ಆ ಮೇಲೆ ಒಳಗೆ ಬಂದು ಹುಡುಗನನ್ನು ಪೇಟಿಯ ಮುಂದೆ ಕೂಡ್ರಿಸಿದರು. “ನೀ ಹಾಡಬ್ಯಾಡ. ಬರೇ ನುಡಿಸು” ಎಂದರು. ನುಡಿಸುವ ಸ್ವರವನ್ನು ಹಾಡಿ ತೋರಿಸುವವರು ಬೇಕಲ್ಲ! ಅವರ ಕಣ್ಣು ಅಡಿಗೆಮನೆಯ ಬಾಗಿಲಿಗೆ ಹೋಯಿತು. ಅಲ್ಲಿ ಹುಡುಗನ ತಂಗಿ, ಹತ್ತು ವರ್ಷದವಳು, ಹಿಟ್ಟಿನ ಕೈಯಲ್ಲಿಯೇ ನಿಂತಿದ್ದಳು.

“ಬಾ ತಂಗಿ, ನೀ ಹಾಡು.”

“ಆಕಿಗೇನು ಬರ್ತದ್ರಿ?” ಎಂದಳು ತಾಯಿ.

ಹುಡುಗಿ ಕೈ ಒರೆಸಿಕೊಂಡು ಬಂದು ಕುಳಿತಳು. ಸರಿಗಮದಿಂದ ಹಿಡಿದು, ಒಂದಾದ ಮೇಲೊಂದರಂತೆ ಅಲಂಕಾರಗಳನ್ನು, ಭೂಪದ ಚೀಜನ್ನು, ಅಣ್ಣ ಎಡವುತ್ತಿದ್ದ ಸ್ಥಳದಲ್ಲಿ ಎಡವದೆ, ಪೂರ್ತಿಯಾಗಿ ಹಾಡಿದಳು. ಒಂದು ವರ್ಷದ ಪಾಠ ಗೋಡೆಯ ಆಚೆಗೂ ನಡೆದಿತ್ತು! ಒಬ್ಬರ ಶುಲ್ಕದಲ್ಲಿ ಇಬ್ಬರು ಕಲಿತಿದ್ದರು. ತಿಂಗಳು ತಿಂಗಳೂ ಲೆಕ್ಕ ಇಡುತ್ತಿದ್ದ ಯಜಮಾನರ ಕಣ್ಣಿಗೆ ಈ ಲಾಭ ಮಾತ್ರ ಬಿದ್ದಿರಲಿಲ್ಲ.

ಅವರು ಹಿಗ್ಗಿದರೆ? ಇಲ್ಲ, ಯೋಚನೆಗೆ ಬಿದ್ದರು. ನಾಳೆ ಕೊಟ್ಟ ಮನೆಗೆ ಹೋಗುವ ಹುಡುಗಿ. ಕಲಿಸಿ ಏನು ಫಲ? ಇತ್ತ ಒಡೆದ ದನಿಯ ಮಗ. ಅವನಿಗೆ ಕಲಿಸಿ ಏನು ಫಲ? ಆ ದಿನ ಊಟದ ಹೊತ್ತಿನಲ್ಲಿ ಮಾಸ್ತರರು ಅವರ ಎರಡೂ ಚಿಂತೆಗಳಿಗೆ ಒಂದೇ ಕಥೆಯನ್ನು ಹೇಳಿದರು. ಅದು ಗಂಗೂಬಾಯಿ ಹಾನಗಲ್ಲರ ಕಥೆ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಒಲವು ಹಿಂದುಸ್ತಾನಿಯ ಕಡೆಗೆ ಹೋಯಿತು. ತಾಯಿ ಬೇಡವೆನ್ನಲಿಲ್ಲ, ತನ್ನ ಹಾದಿಗೇ ಬಾ ಎನ್ನಲಿಲ್ಲ. ಮಗಳ ಕಿವಿಯಲ್ಲಿ ಎರಡು ಪದ್ಧತಿಗಳು ಕಲಸಿಹೋಗಬಾರದೆಂದು ತಾನು ಹಾಡುವುದನ್ನೇ ನಿಲ್ಲಿಸಿಬಿಟ್ಟಳು. ಮಗಳ ಶಿಕ್ಷಣಕ್ಕಾಗಿ ಸಂಸಾರ ಹುಬ್ಬಳ್ಳಿಗೆ ಬಂದಿತು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಅವರ ಮೊದಲ ಗ್ರಾಮಫೋನ್ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ಆ ಬಳಿಕ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ದನಿ ಗಡುಸಾಗಿ ಕೆಳಗಿಳಿಯಿತು. ಅವರು ಹಾಡು ಬಿಡಲಿಲ್ಲ. ಆ ದನಿಯಲ್ಲಿಯೇ ತಮ್ಮ ಗಾಯನವನ್ನು ಕಟ್ಟಿದರು. ಇಂದು ಜನ ಗಂಗೂಬಾಯಿಯವರ ದನಿಯೆಂದು ಗುರುತಿಸುವುದು ಆ ಗಂಭೀರ ದನಿಯನ್ನೇ. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಇಟ್ಟಿರುವ ಹೆಸರೂ ಅವರದೇ.

ಯಜಮಾನರು ಏನೂ ಹೇಳಲಿಲ್ಲ. ಕೈ ತೊಳೆದುಕೊಂಡು ಬಂದು, ಮಾಸ್ತರರನ್ನು ಬಸ್ಸಿಗೆ ಬಿಡಲು ಹೋಗುವಾಗ ಕೇಳಿದರು: “ಅಂಬಾಬಾಯಿಗೆ ಹಾಡಾದರೂ ಬರ್ತಿತ್ತು, ಬಿಟ್ಟುಕೊಟ್ಳು. ನನಗ ಬಿಡಲಾಕ ಏನದರಿ? ನಾ ಏನು ಮಾಡ್ಲಿ?”

“ನೀವು ತಾಳ ಹಿಡೀರಿ” ಎಂದರು ಮಾಸ್ತರರು.

ಅಂದಿನಿಂದ ಆ ಮನೆಯಲ್ಲಿ ಮೂರನೆಯ ಶಿಷ್ಯನೊಬ್ಬ ಸೇರಿದ. ತೀನತಾಲಕ್ಕೆ 16 ಮಾತ್ರೆ. ಬೆರಳಿಗೆ ನಾಲ್ಕರಂತೆ ನಾಲ್ಕು ಬೆರಳುಗಳ ಮೇಲೆ ಹೆಬ್ಬೆರಳು ನಡೆಸಿದರೆ ಲೆಕ್ಕ ಮುಗಿಯುತ್ತದೆ. ಒಂದಕ್ಕೆ, ಐದಕ್ಕೆ, ಹದಿಮೂರಕ್ಕೆ ಚಪ್ಪಾಳೆ. ಒಂಬತ್ತಕ್ಕೆ ಬರಿಯ ಕೈಬೀಸು. ಅದಕ್ಕೆ ಖಾಲಿ ಎಂದು ಹೆಸರು. ಲೆಕ್ಕದಲ್ಲಿ ಪಳಗಿದ ಯಜಮಾನರಿಗೆ ಇದು ಸುಲಭವಾಗಬೇಕಾಗಿತ್ತು. ಆಗಲಿಲ್ಲ. ನಲವತ್ತೈದು ವರ್ಷದ ಕೈಗಳು ಖಾಲಿಯಲ್ಲಿ ಸುಮ್ಮನಿರಲೊಲ್ಲವು. ಒಂಬತ್ತು ಬಂದೊಡನೆ ಚಟ್ಟನೆ ಚಪ್ಪಾಳೆ!

“ಅಪ್ಪಾ, ಅಲ್ಲಲ್ಲ! ಅಲ್ಲಿ ಹೊಡೀಬಾರ್ದು. ಅದು ಖಾಲಿ ಅದ” ಎಂದು ಹುಡುಗ ತನ್ನ ಒಡೆದ ದನಿಯಲ್ಲಿ ಕೂಗಿದ. ಕೂಗಿ, ತಂದೆ ಬೆಪ್ಪಾದುದನ್ನು ಕಂಡು ನಕ್ಕುಬಿಟ್ಟ. ಆ ಪಡಸಾಲೆಯಲ್ಲಿ ಅವನು ನಕ್ಕದ್ದು ಅದೇ ಮೊದಲು. ತಪ್ಪುವುದು ಎಷ್ಟು ಸುಲಭ, ತಪ್ಪುವಾಗ ಎದುರಿಗಿರುವವರ ಮುಖ ನೋಡುವುದು ಎಷ್ಟು ಕಷ್ಟ ಎಂಬುದು ತಂದೆಗೆ ಆಗ ತಿಳಿಯಿತು. ಬೀಗರು ಬಂದ ದಿನದ ನೆನಪು ಅವರಿಗೆ ಆಯಿತು. ಅವರು ಆ ಮೇಲೆ ಮನೆಗೆ ಬಂದವರ ಮುಂದೆ ಮಗನನ್ನು ಹಾಡೆಂದು ಕರೆಯಲಿಲ್ಲ. ಜಾತ್ರೆಯ ಮಾತು ಹೇಳಿದ್ದವರಿಗೆ, “ಈ ವರ್ಷ ಇಲ್ರಿ, ಹುಡುಗನ ದನಿ ಬಲೀಲಾಕ ಹತ್ಯದ” ಎಂದು ತಾವೇ ಹೇಳಿಬಂದರು.

ಪರೀಕ್ಷೆಯ ಮಾತು ಒಂದು ಉಳಿಯಿತು. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ ಪರೀಕ್ಷೆಗಳ ಹೆಸರು ಈ ಗಡಿಸೀಮೆಯಲ್ಲಿ ಪರಿಚಿತವಾದದ್ದೇ. ಪರೀಕ್ಷೆಯಿಂದ ಕಲಿಕೆಗೊಂದು ಗಡುವು ಬರುತ್ತದೆ, ಕ್ರಮ ಬರುತ್ತದೆ, ಅದು ಒಳ್ಳೆಯದೇ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ ಮೇಲೆ ಪೇಟಿ ಅಟ್ಟ ಏರಿದರೆ ಮಾತ್ರ ಶ್ರಮವೆಲ್ಲ ಆ ಮೊಳೆಗೆ ಸಂದಂತಾಯಿತು. ಈ ವರ್ಷ ಪರೀಕ್ಷೆಗೆ ಕೂಡ್ರಿಸೋಣವೇ ಎಂದು ಯಜಮಾನರು ಮಾಸ್ತರರನ್ನು ಕೇಳಲು ಹೋಗಿ, ನಡುವೆ ತಡೆದು, ಮಕ್ಕಳ ಕಡೆಗೆ ತಿರುಗಿದರು. ಹುಡುಗಿ ಹೂಂ ಎಂದಳು. ಹುಡುಗ, “ಮುಂದಿನ ವರ್ಷ” ಎಂದ. ಹಾಗೆಯೇ ಆಯಿತು.

ಶುಲ್ಕ ಈಗ ಇಬ್ಬರದು. ಮಾಸ್ತರರು ಹೆಚ್ಚು ಕೇಳಲಿಲ್ಲ. ಯಜಮಾನರು ಕೇಳಿಸಿಕೊಳ್ಳುವ ಮೊದಲೇ ಕೊಟ್ಟರು. ರವಿವಾರ ಹಿಟ್ಟು ನಾದುವ ಕೆಲಸ ಹುಡುಗಿಯ ಕೈಯಿಂದ ತಪ್ಪಿತು. ಅದಕ್ಕಾಗಿ ಊಟ ಅರ್ಧ ತಾಸು ತಡವಾದರೆ ಯಾರೂ ಗೊಣಗುವಂತಿಲ್ಲ.

ಹುಡುಗನ ದನಿ ಇನ್ನೂ ಪೂರ್ತಿ ನೆಲೆಗೊಂಡಿಲ್ಲ. ಬಿಳಿ ಒಂದರಲ್ಲಿ ಷಡ್ಜ ಹಿಡಿದು ನಿಂತರೆ ಕೆಳಗೆ ಎಲ್ಲಿಯೋ ಒಂದು ಹೊಸ ನಾದ, ಗಂಡಸಿನದು, ತುಸು ಹೊತ್ತು ಕೇಳಿ ಮರೆಯಾಗುತ್ತದೆ. ಅದು ಮರೆಯಾದಾಗ ಅವನು ಗಾಬರಿಯಾಗದೆ ಪೇಟಿಯ ಮೇಲೆ ಬೆರಳಿಡುತ್ತಾನೆ. ತಂಗಿ ಮುಂದೆ ಹಾಡುತ್ತಾಳೆ. ತಾಯಿ ಬಾಗಿಲಿಗೆ ಒರಗಿ ನಿಲ್ಲುತ್ತಾಳೆ. ಬಸ್ಸು ಬಂದ ಸದ್ದಿಗೆ ಈಗ ಕಟ್ಟೆಗೆ ಓಡುವವರು ಮಕ್ಕಳು. ಯಜಮಾನರು ಜಮಖಾನೆಯ ಅಂಚಿನಲ್ಲಿ ಕುಳಿತು, ಹೆಬ್ಬೆರಳನ್ನು ಬೆರಳ ಗೆರೆಗಳ ಮೇಲೆ ನಡೆಸುತ್ತ, ಒಂಬತ್ತು ಹತ್ತಿರ ಬಂದಂತೆ ಉಸಿರು ಬಿಗಿಹಿಡಿಯುತ್ತಾರೆ. ಒಮ್ಮೊಮ್ಮೆ ಆಗಲೂ ಚಪ್ಪಾಳೆ ಬಿದ್ದುಹೋಗುತ್ತದೆ. ಹುಡುಗಿ ಹಾಡು ನಿಲ್ಲಿಸದೆಯೇ ಕೈ ಚಾಚಿ, ಅಪ್ಪನ ಕೈಯನ್ನು ಮೆಲ್ಲನೆ ಬಿಡಿಸಿ, ಬೀಸಿ ತೋರಿಸುತ್ತಾಳೆ.